ಕೈಸು ಬರೆದುಕೊಟ್ಟ ಎರಡು ಹಾಳೆ

ಕೈಸು ಪಾರ್ಕಿನೆನ್ ಕಾರು ಓಡಿಸಲು ಕಲಿಯಲೇ ಇಲ್ಲ. ಹದಿನೆಂಟು ತುಂಬಿದ ಚಳಿಗಾಲದಲ್ಲಿ ಅವಳಪ್ಪ ಹೆಪ್ಪುಗಟ್ಟಿದ ಸಮುದ್ರದ ಮೇಲೆ ತನ್ನ ಹಳೆಯ ಕಾರು ನಿಲ್ಲಿಸಿ, "ಇಷ್ಟು ದೊಡ್ಡ ಬಯಲಲ್ಲಿ ಯಾವುದಕ್ಕೂ ಗುದ್ದೋಕೆ ಆಗಲ್ಲ, ಓಡ್ಸು" ಎಂದು ಸ್ಟೀರಿಂಗ್ ಕೊಟ್ಟಿದ್ದ. ಅವಳು ನೆಟ್ಟಗೆ ಹೋಗಿ ಆ ಬಯಲಿನಲ್ಲಿದ್ದ ಒಂದೇ ಒಂದು ಮೀನುಗಾರನ ಗುಡಾರಕ್ಕೆ ಗುದ್ದಿದಳು. ಗುಡಾರದಿಂದ ಬೈಯುತ್ತ ಹೊರಬಂದವನು ಅಪ್ಪನ ಸೋದರಮಾವ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಕಥೆಯನ್ನು ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಹಂದಿತೊಡೆಯ ಜೊತೆಗೆ ಬಡಿಸತೊಡಗಿದರು. ಕೈಸು ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಉತ್ತರದ ಹಿಮನಾಡಿನ ಔಲುವಿನಂಥ ಊರಿನಲ್ಲಿ ಅದರಿಂದ ಬದುಕೇನೂ ನಿಲ್ಲುವುದಿಲ್ಲ. ಹಿಮ ಬಿದ್ದ ಬೆಳಿಗ್ಗೆ ಕಾರಿನ ರಸ್ತೆಗಿಂತ ಮೊದಲು ಸೈಕಲ್ ದಾರಿಯ ಹಿಮ ಗೋರುವ ಊರು ಅದು. ಮನೆ ಆರೈಕೆಯ ಕೆಲಸವನ್ನು ಕೈಸು ಇಪ್ಪತ್ತನಾಲ್ಕು ವರ್ಷ ಸೈಕಲ್ ತುಳಿದೇ ಮಾಡಿದಳು. ತೊಪ್ಪಿಲಾ, ಕೊಸ್ಕೆಲಾ ಕಡೆಯ ಒಂಟಿ ಮುದುಕ ಮುದುಕಿಯರ ಮನೆಗೆ ಹೋಗಿ ಮಾತ್ರೆ ನುಂಗಿಸುವುದು, ಇನ್ಸುಲಿನ್ ಚುಚ್ಚುವುದು, ಬಾತ ಕಾಲಿಗೆ ಬಿಗಿ ಕಾಲುಚೀಲ ಏರಿಸುವುದು, ಗಂಜಿ ಕಾಯಿಸುವುದು, ಬಿದ್ದವರನ್ನು ಎತ್ತುವುದು. ಪಾಳಿಗೆ ಹನ್ನೊಂದು ಮನೆ. ತಂಡದ ಉಳಿದ ಏಳು ಮಂದಿ ಕಂಪನಿಯ ಐದು ಕಾರುಗಳಿಗಾಗಿ ದಿನಾ ಬೆಳಿಗ್ಗೆ ಕಿತ್ತಾಡುತ್ತಿದ್ದರು. ಕೈಸುವಿಗೆ ಕಾರು ಬೇಡವಾದ್ದರಿಂದ ಅವಳನ್ನು ಕಂಡರೆ ಎಲ್ಲರಿಗೂ ಒಂದು ತೂಕ ಹೆಚ್ಚೇ ಪ್ರೀತಿ.

ಅವರಲ್ಲಿ ತೀರಾ ಹತ್ತಿರದವಳು ಮೆರ್ವಿ. ಇಬ್ಬರೂ ಒಂದೇ ವಯಸ್ಸಿನವರು; ಹದಿನೆಂಟು ವರ್ಷದಿಂದ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕಪಕ್ಕದ ಕಪಾಟು. ಮೆರ್ವಿ ಪ್ರತಿ ಸೋಮವಾರ ಸಿಗರೇಟು ಬಿಡುತ್ತಿದ್ದಳು, ಬುಧವಾರ ಹಿಡಿಯುತ್ತಿದ್ದಳು. ಕೈಸು ಗಂಡನನ್ನು ಬಿಟ್ಟು ಬಂದಾಗ ಸಾಮಾನು ಸಾಗಿಸಿದವಳು ಮೆರ್ವಿ. ಮೆರ್ವಿಯ ತಾಯಿ ಸತ್ತಾಗ ಮೂರು ದಿನ ನಿಂತು ಆ ಮನೆ ಖಾಲಿ ಮಾಡಿಸಿದವಳು ಕೈಸು.

ಐವತ್ತೇಳಕ್ಕೆ ಕೈಸುವಿನ ಮೊಣಕಾಲು ಕೈಕೊಟ್ಟಿತು. ಸವೆದಿದೆ, ಇನ್ನು ಎದುರುಗಾಳಿಗೆ ತುಳಿಯುವ ಮಾತೇ ಬೇಡ, ಹಗುರ ಕೆಲಸ ಕೇಳಿ ಎಂದರು ವೈದ್ಯರು. ತಂಡದ ಮೇಲ್ವಿಚಾರಕಿ ಕಾತ್ರಿ ವೈದ್ಯರ ಚೀಟಿ ಓದಿ ನಿಟ್ಟುಸಿರು ಬಿಟ್ಟಳು.

"ಇಲ್ಲಿ ಹಗುರ ಕೆಲಸ ಅಂತ ಇರೋದು ನಂದೊಂದೇ, ಕೈಸು. ಅದೂ ಎಷ್ಟು ಹಗುರ ಅಂತ ನಂಗೇ ಗೊತ್ತು."

ಕಾತ್ರಿ ಕೆಟ್ಟವಳಲ್ಲ. ನಲವತ್ತರ ಹೆಣ್ಣು, ಎರಡು ಮಕ್ಕಳ ತಾಯಿ, ಮೊದಲು ತಾನೂ ಮನೆ ಮನೆ ತಿರುಗಿದವಳು. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ನಗುತ್ತ ಹೇಳುವುದು ಈಗ ಅವಳ ಕೆಲಸವಾಗಿತ್ತು, ಅಷ್ಟೆ.

ಆ ಆಗಸ್ಟಿನಲ್ಲಿ ಕೈಸು ದಿನಸಿ ಅಂಗಡಿಯ ರಿಯಾಯಿತಿ ಮಾರಾಟದಲ್ಲಿ ಒಂದು ಬ್ಯಾಟರಿ ಸೈಕಲ್ಲು ಕೊಂಡಳು. ಅಲ್ಲಿದ್ದವುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಯಾರೂ ಕೇಳಿರದ ಹೆಸರಿನದು, ಎತ್ತಿದರೆ ಕರುವಿನಷ್ಟು ಭಾರ. ಮೆರ್ವಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದನ್ನ ಓಡಿಸ್ತೀಯೋ, ಇಲ್ಲ ಹಾಲು ಕರೀತೀಯೋ?" ಎಂದಳು. ಆದರೆ ಸೆಪ್ಟೆಂಬರ್ ಪೂರ್ತಿ ಕೈಸುವಿಗೆ ಹಬ್ಬ. ಯಾರೋ ಬೆನ್ನಿಗೆ ಅಂಗೈ ಕೊಟ್ಟು ಮೆಲ್ಲಗೆ ದಬ್ಬುತ್ತಿರುವ ಹಾಗೆ. ಮೊಣಕಾಲು ಇದೆ ಎಂಬುದೇ ಮರೆತುಹೋಗಿತ್ತು.

ನವೆಂಬರ್ ಬಂತು. ಮೈನಸ್ ಹದಿನಾರರ ಒಂದು ಬೆಳಿಗ್ಗೆ ಮೂರನೆಯ ಮನೆ ದಾಟುವಷ್ಟರಲ್ಲಿ ಬ್ಯಾಟರಿಯ ಐದು ಗೆರೆಗಳಲ್ಲಿ ನಾಲ್ಕು ಒಟ್ಟಿಗೇ ಮಾಯವಾದವು. ತುಳಿದೇ ಹೋಗೋಣವೆಂದರೆ ಪೆಡಲು ಸುಮ್ಮನೆ ಗಿರ್ರನೆ ತಿರುಗಿತು; ಒಳಗಿನ ಫ್ರೀವೀಲಿನ ಗ್ರೀಸು ಗಟ್ಟಿಯಾಗಿ ಹಲ್ಲು ಕಚ್ಚುತ್ತಲೇ ಇರಲಿಲ್ಲ. ಎರಡು ಕಿಲೋಮೀಟರ್ ಆ ಕರುವನ್ನು ಹಿಮದಲ್ಲಿ ತಳ್ಳಿಕೊಂಡು ಅವಳು ಒನ್ನಿಯ ಮನೆ ಮುಟ್ಟಿದಾಗ ನಲವತ್ತು ನಿಮಿಷ ತಡವಾಗಿತ್ತು.

ಒನ್ನಿಗೆ ಎಂಬತ್ತಾರು. ಮೂವತ್ತೊಂದು ವರ್ಷ ಮಂಜುಗಡ್ಡೆ ಒಡೆಯುವ ಹಡಗಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. ಕಣ್ಣು ಮಸುಕಾಗಿತ್ತು, ಕಾಲಿನ ಎರಡು ಬೆರಳು ಸಕ್ಕರೆ ಕಾಯಿಲೆಗೆ ಹೋಗಿದ್ದವು, ನಾಲಿಗೆ ಮಾತ್ರ ಹಡಗಿನಲ್ಲಿದ್ದಷ್ಟೇ ಚೂಪಾಗಿತ್ತು.

"ಸೂಜಿ ಚುಚ್ಚೋಕೆ ಬಂದ್ಯೋ, ಮಣ್ಣು ಮಾಡೋಕೆ ಬಂದ್ಯೋ?"

"ಸೈಕಲ್ಲು ಸತ್ತೋಯ್ತು, ಒನ್ನಿ. ಕ್ಷಮಿಸಿ. ಮೊದಲು ಬೆರಳು ಕೊಡಿ, ಸಕ್ಕರೆ ನೋಡ್ತೀನಿ."

ಅವನು ಬೆರಳು ಕೊಟ್ಟ. "ರಾತ್ರಿ ಎಲ್ಲಿ ನಿಲ್ಸಿದ್ದೆ ಅದನ್ನ?"

"ಕೆಳಗೆ ಶೆಡ್ಡಲ್ಲಿ."

"ಬ್ಯಾಟರಿ?"

"ಅದರಲ್ಲೇ ಇತ್ತು."

"ಹುಡುಗಿ, ನಿನ್ನ ರಾತ್ರಿಯೆಲ್ಲ ಶೆಡ್ಡಲ್ಲಿ ಮಲಗಿಸಿ ಬೆಳಿಗ್ಗೆ ಎದ್ದು ಓಡು ಅಂದ್ರೆ ಓಡ್ತೀಯಾ? ತಗೊಂಡು ಬಾ ಅದನ್ನ ಇಲ್ಲಿ."

ಅಡುಗೆಮನೆಯ ಮೇಜಿನ ಮೇಲೆ ಬ್ಯಾಟರಿ ಇಟ್ಟುಕೊಂಡು ಅವನು ಬೆಕ್ಕಿನ ಮರಿಯನ್ನು ಸವರುವಂತೆ ಸವರಿದ. ಚಾರ್ಜಿಗೆ ಹಾಕಲು ಕೈಸು ಎದ್ದಾಗ ಗದರಿದ. "ಈಗಲೇ ಹಾಕ್ಬೇಡ. ಮೊದಲು ಮೈ ಬೆಚ್ಚಗಾಗ್ಲಿ. ಹೆಪ್ಪುಗಟ್ಟಿದ ಬ್ಯಾಟರಿಗೆ ಕರೆಂಟು ಕೊಡೋದು, ಹೆಪ್ಪುಗಟ್ಟಿದ ಮನುಷ್ಯನ ಬಾಯಿಗೆ ಗಂಜಿ ತುರುಕೋದು, ಎರಡೂ ಒಂದೇ. ಅವತ್ತು ಏನೂ ಗೊತ್ತಾಗಲ್ಲ. ಆಮೇಲೆ ಸಾಯುತ್ತೆ."

ಅಲ್ಲಿಂದ ಪಾಠ ಶುರುವಾಯಿತು. ಒನ್ನಿಯ ಪಾಲಿಗೆ ಬೆಳಗಿನ ಭೇಟಿ ಇಪ್ಪತ್ತೈದು ನಿಮಿಷದ್ದು. ಸೂಜಿ, ಮಾತ್ರೆ, ಕಾಲಿನ ಪಟ್ಟಿ, ರೈ ಹಿಟ್ಟಿನ ಗಂಜಿ ಎಲ್ಲ ಮುಗಿದು ಕಾಫಿಗೆ ಎಂಟು ನಿಮಿಷ ಉಳಿಯುತ್ತಿತ್ತು. ಆ ಎಂಟು ನಿಮಿಷದಲ್ಲಿ ಅವನು ಹೇಳಿದ್ದನ್ನು ಕೈಸು ಶನಿವಾರ ತನ್ನ ಕಟ್ಟಡದ ತಣ್ಣನೆಯ ಶೆಡ್ಡಿನಲ್ಲಿ ಮಾಡುತ್ತಿದ್ದಳು. ಸೈಕಲ್ಲು ಹೊರಗಿರಲಿ, ಬ್ಯಾಟರಿ ಒಳಗಿರಲಿ ಎಂಬುದು ಮೊದಲ ಮಾತು. ಸೈಕಲ್ಲನ್ನೂ ಬೆಚ್ಚಗೆ ಒಳಗೆ ತಂದರೆ ಹಿಮ ಕರಗಿ ಸಂದುಗೊಂದಿಗೆ ನೀರಿಳಿಯುತ್ತದೆ, ಮತ್ತೆ ಹೊರಗೆ ಹೋದೊಡನೆ ಅದೇ ನೀರು ಕಲ್ಲಾಗುತ್ತದೆ. ಹಳೆಯ ಮಲಗುವ ಚಾಪೆಯ ಸ್ಪಂಜು ಕತ್ತರಿಸಿ ಅವಳು ಬ್ಯಾಟರಿಗೆ ಅಂಗಿ ಹೊಲಿದಳು. ಫ್ರೀವೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ತೆಗೆದು ತೆಳು ಎಣ್ಣೆ ಬಿಟ್ಟಳು. ಬ್ರೇಕಿನ ಕೇಬಲ್ಲುಗಳನ್ನು ಕೊಳವೆಯಿಂದ ಎಳೆದು ಒಣಗಿಸಿ, ಚಳಿಗೆ ಗಟ್ಟಿಯಾಗದ ಎಣ್ಣೆ ಸವರಿ, ಕೊಳವೆಯ ಬಾಯಿಗೆ ರಬ್ಬರ್ ಟೋಪಿ ಹಾಕಿದಳು. ವೈರು ಕೂಡುವ ಕಡೆಯೆಲ್ಲ ಸಿಲಿಕಾನ್ ಜಿಡ್ಡು. ಮುಂದಿನ ಅಗ್ಗದ ಶಾಕ್ ಅಬ್ಸಾರ್ಬರ್ ಚಳಿಗೆ ಬಿದಿರಿನಂತೆ ಬಿಗಿದುಕೊಂಡಿದ್ದರಿಂದ ಅದನ್ನೇ ಕಿತ್ತು, ಗುಜರಿಯಿಂದ ತಂದ ಹಳೆ ಸೈಕಲ್ಲಿನ ಸಾದಾ ಫೋರ್ಕು ಕೂರಿಸಿದಳು. ಕೈ ಬೆಚ್ಚಗಿರಲು ಹ್ಯಾಂಡಲ್ಲಿಗೆ ತನ್ನ ಹರಿದ ಚಳಿಕೋಟಿನ ತೋಳುಗಳನ್ನೇ ಚೀಲದಂತೆ ಕಟ್ಟಿದಳು.

ಟೈರಿನ ವಿಷಯದಲ್ಲಿ ಮಾತ್ರ ಅವಳು ಒಮ್ಮೆ ಜಿಪುಣತನ ಮಾಡಿದಳು. ಮಂಜಿನಲ್ಲಿ ಜಾರದಂತೆ ಮೊಳೆ ಇರುವ ಟೈರು ಮುಂದಕ್ಕೆ ಒಂದು ಸಾಕು ಎಂದುಕೊಂಡಳು.

"ಮೋಟರ್ ಎಲ್ಲಿದೆ?" ಒನ್ನಿ ಕೇಳಿದ.

"ಹಿಂದಿನ ಚಕ್ರದಲ್ಲಿ."

"ಹಾಗಾದ್ರೆ ಹಿಂದಿನ ಚಕ್ರವೇ ಮೊದಲು ಜಾರೋದು. ಬ್ರೇಕು ಹಾಕಿದ್ರೂ ಜಾರುತ್ತೆ, ಹಾಕದಿದ್ರೂ ಜಾರುತ್ತೆ. ಎರಡಕ್ಕೂ ಹಾಕು, ಇಲ್ಲಾಂದ್ರೆ ಬಸ್ಸಲ್ಲಿ ಓಡಾಡು."

ಎರಡಕ್ಕೂ ಹಾಕಿದಳು. ಡಿಸೆಂಬರ್ ಹೊತ್ತಿಗೆ ಆ ಸೈಕಲ್ಲು ನೋಡಲು ತೇಪೆ ಹಾಕಿದ ಬೆದರುಗೊಂಬೆಯಂತಿತ್ತು, ಆದರೆ ಒಂದು ದಿನವೂ ನಿಲ್ಲಲಿಲ್ಲ. ಕೈಸುವಿನ ಬದುಕಿನಲ್ಲಿ ತಾನೇ ಕೈಯಾರೆ ಮಾಡಿ ಸರಿಹೋಗಿದ್ದು ಎಂದು ಎದೆ ತಟ್ಟಿ ಹೇಳುವಂಥದ್ದು ಬಹಳ ಇರಲಿಲ್ಲ. ಇದೊಂದು ಇತ್ತು.

ಜನವರಿಯ ಒಂದು ವಾರ ಪಾದರಸ ಮೈನಸ್ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಕಂಪನಿಯ ಐದು ಕಾರುಗಳಲ್ಲಿ ಮೂರು ಎದ್ದೇಳಲಿಲ್ಲ, ನಾಲ್ಕನೆಯದು ಸೇತುವೆಯ ಮೇಲೆ ನಿಂತಿತು. ಕೈಸು ತನ್ನ ಹನ್ನೊಂದು ಮನೆ ಮುಗಿಸಿ, ಮೆರ್ವಿಯ ಪಾಲಿನ ನಾಲ್ಕು ಮನೆಯನ್ನೂ ಮಾಡಿ ಬಂದಳು. ರೆಪ್ಪೆಯಲ್ಲಿ ಮಂಜು ಕಟ್ಟಿಕೊಂಡು ಒಳಗೆ ಬಂದವಳನ್ನು ಮೆರ್ವಿ ತಬ್ಬಿಕೊಂಡು, "ನಿನ್ನ ಹಸು ಇವತ್ತು ನನ್ನ ಮಾನ ಉಳಿಸ್ತು ಕಣೇ" ಎಂದಳು. ಕಾತ್ರಿ ಅವಳನ್ನೂ ಸೈಕಲ್ಲನ್ನೂ ನಿಲ್ಲಿಸಿ ಫೋಟೋ ತೆಗೆದಳು. ಅದು ಕಂಪನಿಯ ಪತ್ರಿಕೆಯಲ್ಲಿ ಬಂತು.

"ಏನೇನು ಮಾಡಿದೀಯ ಅಂತ ಬರ್ದುಕೊಡ್ತೀಯಾ ಕೈಸು?" ಕಾತ್ರಿ ಕೇಳಿದಳು. "ಇಷ್ಟವಿದ್ದೋರು ಯಾರಾದ್ರೂ ಮಾಡ್ಕೊಳ್ಳಲಿ."

ಶಾಲೆ ಬಿಟ್ಟ ಮೇಲೆ ಅವಳನ್ನು ಯಾರೂ ಏನನ್ನೂ ಬರೆದುಕೊಡು ಎಂದು ಕೇಳಿರಲಿಲ್ಲ. ಮೂರು ಭಾನುವಾರ ಕೂತು, ತಿದ್ದಿ, ಮತ್ತೆ ಬರೆದು ಎರಡು ಹಾಳೆ ತುಂಬಿಸಿದಳು. ಒನ್ನಿಗೆ ಓದಿ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿ, "ಹಿಂದಿನ ಚಕ್ರಕ್ಕೂ ಅಂತ ಬರ್ದಿದ್ಯಲ್ಲ, ಅದರಡಿ ಗೆರೆ ಎಳಿ. ಬ್ಯಾಟರಿ ಒಳಗೆ ಅನ್ನೋದಕ್ಕೆ ಎರಡು ಗೆರೆ" ಎಂದ. ಅವಳು ಸ್ಕೇಲು ಇಟ್ಟು ಗೆರೆ ಎಳೆದಳು.

ಬೇಸಿಗೆ ಕಳೆಯಿತು. ಸೆಪ್ಟೆಂಬರಿನ ಸಭೆಗೆ ಕಾತ್ರಿ ಏಲಕ್ಕಿ ಬನ್ನು ತಂದಿದ್ದಳು. ಬನ್ನು ಬಂದರೆ ಕೆಟ್ಟ ಸುದ್ದಿ ಎಂಬುದು ತಂಡದಲ್ಲಿ ಎಲ್ಲರಿಗೂ ಗೊತ್ತು. ಕಾರುಗಳ ಬಾಡಿಗೆ ಕರಾರು ಮುಗಿಯಿತು, ಕಂಪನಿ ಹಸಿರು ದಾರಿ ಹಿಡಿಯುತ್ತಿದೆ, ದೂರದ ಮನೆಗಳಿಗೆಂದು ಒಂದು ಕಾರು ಉಳಿಯುತ್ತದೆ, ಉಳಿದವರಿಗೆ ಬ್ಯಾಟರಿ ಸೈಕಲ್ಲು ಎಂದಳು. ಅಂಗಳದಲ್ಲಿ ಏಳು ಹೊಸ ಸೈಕಲ್ಲು ಪ್ಲಾಸ್ಟಿಕ್ ಸುತ್ತಿಕೊಂಡು ನಿಂತಿದ್ದವು.

"ಚಳಿಗಾಲದಲ್ಲಿ ಆಗುತ್ತಾ ಅಂತ ಮೇಲಿನವರಿಗೆ ಅನುಮಾನ ಇತ್ತು," ಕಾತ್ರಿ ನಕ್ಕಳು. "ಕೈಸು ಬರೆದುಕೊಟ್ಟಿದ್ದನ್ನ ನೋಡಿದ ಮೇಲೆ ಒಪ್ಪಿದ್ರು. ಕೈಸುಗೆ ಒಂದು ಚಪ್ಪಾಳೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೆರ್ವಿ ತನ್ನ ಕಾಫಿಯನ್ನೇ ನೋಡುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ನನ್ನ ಸೊಂಟದ ಸುತ್ತಳತೆ ನೋಡಿ ತಗೊಂಡ್ರಾ, ಇಲ್ಲ ಕೈಸುದು ನೋಡಿನಾ?" ಒಬ್ಬಿಬ್ಬರು ನಕ್ಕರು. ಕೈಸು ಬನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು.

ಸಭೆ ಮುಗಿದ ಮೇಲೆ ಅವಳು ಅಂಗಳಕ್ಕಿಳಿದು ಪ್ಲಾಸ್ಟಿಕ್ ಬಿಚ್ಚಿ ನೋಡಿದಳು. ತನ್ನದಕ್ಕಿಂತಲೂ ಅಗ್ಗದ ಸರಕು. ಚಳಿಗಾಲಕ್ಕೆಂದು ಮುಂದಿನ ಚಕ್ರಕ್ಕೆ ಮಾತ್ರ ಮೊಳೆ ಟೈರು ಬಂದಿತ್ತು. ಹ್ಯಾಂಡಲ್ಲಿಗೆ ಕೈಚೀಲ ಇತ್ತು, ಬ್ಯಾಟರಿಗೆ ಕಂಪನಿಯ ಮುದ್ರೆ ಇದ್ದ ಚೆಂದದ ಅಂಗಿ ಇತ್ತು. ಚಾರ್ಜರುಗಳನ್ನು ಮಾತ್ರ ಹೊರಗಿನ ಬಿಸಿಯಿಲ್ಲದ ಶೆಡ್ಡಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಕೂರಿಸಿದ್ದರು.

ಅವಳು ನೇರ ಕಾತ್ರಿಯ ಕೋಣೆಗೆ ಹೋದಳು.

"ಶೆಡ್ಡಲ್ಲಿ ಚಾರ್ಜ್ ಮಾಡ್ಬಾರ್ದು ಅಂತ ಎರಡು ಗೆರೆ ಎಳೆದು ಬರ್ದಿದೀನಿ, ಕಾತ್ರಿ."

"ಒಳಗೆ ಇಡೋಕೆ ಬೆಂಕಿ ನಿಯಮ ಅಡ್ಡ ಬರುತ್ತೆ. ಅದಕ್ಕೆ ಬೆಂಕಿ ತಡೆಯೋ ಕಪಾಟು ಬೇಕು. ಮುಂದಿನ ವರ್ಷ ನೋಡೋಣ ಅಂದಿದಾರೆ."

"ಹಿಂದಿನ ಟೈರು?"

"ಅದೂ ಮುಂದಿನ ವರ್ಷ. ಪಟ್ಟೀಲಿ ಮುಖ್ಯ ಆದದ್ದನ್ನ ಆರಿಸ್ಕೊಂಡಿದಾರೆ ಕೈಸು, ಎಲ್ಲ ಒಟ್ಟಿಗೆ ಆಗಲ್ಲ."

"ಆರಿಸ್ಕೊಳ್ಳೋಕೆ ಅದೇನು ಹೋಟೆಲ್ ತಿಂಡಿಪಟ್ಟಿನಾ? ಒಂದು ಬಿಟ್ರೆ ಇನ್ನೊಂದು ನಿಲ್ಲಲ್ಲ."

ಕಾತ್ರಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. "ನಾನೂ ಇದನ್ನೇ ಹೇಳ್ದೆ. ನನ್ನ ಮಾತು ಎಷ್ಟು ನಡೆಯುತ್ತೆ ಅಂತ ನಿಂಗೆ ಗೊತ್ತಿಲ್ವಾ? ನೀನು ಸ್ವಲ್ಪ ನೋಡ್ಕೋ. ನಿನ್ನಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ."

ನೋಡ್ಕೋ ಎಂದ ಆ ಒಂದು ಮಾತಿಗೆ ಕೈಸು ಆ ಚಳಿಗಾಲ ಪೂರ್ತಿ ದುಡಿದಳು. ಪಾಳಿಗೆ ಒಂದು ಗಂಟೆ ಮೊದಲೇ ಬಂದು ಸೈಕಲ್ಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಫ್ರೀವೀಲು ತೊಳೆದಳು, ಚೈನು ಒರೆಸಿದಳು. ಬ್ಯಾಟರಿಗಳನ್ನು ಅಂಗಡಿಯ ತಳ್ಳುಗಾಡಿಯಲ್ಲಿ ಹೇರಿ ಬಟ್ಟೆ ಬದಲಿಸುವ ಕೋಣೆಗೆ ತಂದಳು. ಮೂರನೆಯ ದಿನ ನಿಯಮದ ಚೀಟಿ ಬಾಗಿಲಿಗೆ ಅಂಟಿತು, ಮತ್ತೆ ಶೆಡ್ಡಿಗೇ ಸಾಗಿಸಿದಳು. ಅವು ಅರ್ಧ ದಾರಿಗೇ ಸುಸ್ತಾಗುತ್ತಿದ್ದವು. ಮನೆಯಿಂದ ಮನೆಗೆ ಇಷ್ಟೇ ನಿಮಿಷ ಎಂದು ಫೋನಿನಲ್ಲಿ ಬರುವ ಪಟ್ಟಿ ಮಾತ್ರ ಕಾರಿನ ಲೆಕ್ಕದಲ್ಲೇ ಇತ್ತು. ತಡವಾದಾಗ ಮುದುಕರ ಬೈಗುಳ, ಒದ್ದೆ ಕೈಚೀಲ, ಮರಗಟ್ಟಿದ ಕಾಲು. ಎಲ್ಲದಕ್ಕೂ ಒಂದೇ ಹೆಸರು ಸಿಕ್ಕಿತ್ತು.

"ಸೈಕಲ್ ರಾಣಿ ಬಂದ್ಲು, ಎದ್ದು ನಿಲ್ರಪ್ಪಾ" ಎನ್ನುತ್ತಿದ್ದರು ಅವಳು ಕಾಫಿ ಮೇಜಿಗೆ ಬಂದರೆ. ಮೊದಮೊದಲು ಅದು ನಗೆಯಾಗಿತ್ತು. ಆಮೇಲೆ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಉಪಕಾರಕ್ಕೆ ಹೋದವಳ ಕೊರಳಿಗೇ ಉರುಳು. ಮೆರ್ವಿ ಅವರ ಜೊತೆ ನಗುತ್ತಿರಲಿಲ್ಲ. ಆದರೆ ಪಕ್ಕದ ಕುರ್ಚಿ ಎಳೆದು "ಕೂತ್ಕೋ" ಎನ್ನುವುದನ್ನು ಅವಳೂ ಬಿಟ್ಟಿದ್ದಳು.

ಒನ್ನಿಯ ಮನೆಯ ಇಪ್ಪತ್ತೈದು ನಿಮಿಷ ಮೊದಲು ಹದಿನೈದಾಯಿತು, ಆಮೇಲೆ ಒಂಬತ್ತು. ದಾರಿಯಲ್ಲಿ ಹೋದ ಹೊತ್ತನ್ನು ಎಲ್ಲಿಂದಾದರೂ ಹಿಡಿಯಬೇಕಲ್ಲ. ಕೈಸು ಕೋಟು ಬಿಚ್ಚದೆ ಸೂಜಿ ಚುಚ್ಚಿ ಹೊರಡುತ್ತಿದ್ದಳು.

"ನಿನ್ನ ಸೈಕಲ್ಲಿಗೆ ವೈದ್ಯ ಮಾಡಿದ್ದಕ್ಕೆ ನಂಗೆ ಸಿಕ್ಕ ಬಹುಮಾನ ನೋಡು" ಎಂದ ಒನ್ನಿ ಒಂದು ದಿನ. "ಕಾಫಿ ನಾನೇ ಮಾಡ್ಕೊಂಡು ನಾನೇ ಕುಡೀಬೇಕು."

ಅವಳು ಬಾಗಿಲ ಬಳಿ ನಿಂತಳು. ಫೋನು ಮುಂದಿನ ಮನೆಯ ಹೆಸರು ತೋರಿಸಿ ಗುಯ್‌ಗುಟ್ಟಿತು.

ಡಿಸೆಂಬರ್ ಎರಡನೆಯ ವಾರ ಎರಡು ದಿನ ಮಳೆ ಬಂದು ಹಿಮವೆಲ್ಲ ರಾಡಿಯಾಯಿತು. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಮೈನಸ್ ಹದಿನಾಲ್ಕು. ಸೈಕಲ್ಲಿಗೆ ಇದಕ್ಕಿಂತ ಕೆಟ್ಟ ಹವೆ ಇಲ್ಲ. ಕೇಬಲ್ಲಿನ ಕೊಳವೆಗೆ ಇಳಿದ ನೀರೆಲ್ಲ ಗಡ್ಡೆಯಾಗುತ್ತದೆ. ಕೈಸು ಅವತ್ತು ಐದೂವರೆಗೇ ಬಂದಳು. ಆರೂಮುಕ್ಕಾಲರ ಹೊತ್ತಿಗೆ ನಾಲ್ಕು ಸೈಕಲ್ಲಿನ ಬ್ರೇಕು ಬಿಡಿಸಿ, ಎಣ್ಣೆ ಹಾಕಿ, ಐದನೆಯದರ ಮುಂದೆ ಮಂಡಿಯೂರಿದ್ದಳು. ಮೆರ್ವಿಯದನ್ನು ಕೊನೆಗೆ ಇಟ್ಟಿದ್ದಳು. ಮೆರ್ವಿಗೆ ಅವತ್ತು ಮಧ್ಯಾಹ್ನದ ಪಾಳಿ ಎಂದೇ ಅವಳ ಎಣಿಕೆ. ಹಿಂದಿನ ಸಂಜೆ ಯಾರೋ ಕಾಯಿಲೆ ಎಂದದ್ದಕ್ಕೆ ಪಾಳಿ ಬದಲಾದದ್ದು ಅವಳಿಗೆ ಗೊತ್ತಾಗಿರಲಿಲ್ಲ. ಮೊದಲಾಗಿದ್ದರೆ ಮೆರ್ವಿಯೇ ಫೋನ್ ಮಾಡಿ ಅರ್ಧ ಗಂಟೆ ಗೊಣಗುತ್ತಿದ್ದಳು. ಈಗ ಫೋನು ನಿಂತು ಒಂದು ತಿಂಗಳಾಗಿತ್ತು.

ಮೆರ್ವಿ ಬಂದು ತನ್ನ ಸೈಕಲ್ಲು ಎಳೆದಳು. "ನಂದು ನೋಡಿದ್ಯಾ?"

"ಇಲ್ಲ, ಹತ್ತು ನಿಮಿಷ ಇರು, ಮಾಡ್ಕೊಡ್ತೀನಿ."

"ಹತ್ತು ನಿಮಿಷ ಎಲ್ಲಿಂದ ತರ್ಲಿ? ಏಳಕ್ಕೆ ಮೊದಲ ಮನೆ."

"ಹಾಗಾದ್ರೆ ನಿಧಾನ ಹೋಗು. ಇಳಿಜಾರಲ್ಲಿ ಇಳ್ದು ತಳ್ಕೊಂಡು ಹೋಗು. ಮಧ್ಯಾಹ್ನ ನೋಡ್ತೀನಿ."

"ಇಳ್ದು ತಳ್ಳೋಕೆ ಸೈಕಲ್ ಯಾಕೆ ಬೇಕಿತ್ತು" ಎಂದು ಮೆರ್ವಿ ಹೊರಟುಹೋದಳು. ಬ್ರೇಕು ಹಿಡಿದು ನೋಡಲೂ ಇಲ್ಲ.

ಕೊಸ್ಕೆಲಾದ ಹತ್ತಿರ ರೈಲು ಹಳಿಯ ಅಡಿಯಿಂದ ದಾರಿ ಹಾಯುವಲ್ಲಿ ಇಳಿಜಾರಿದೆ. ಅಲ್ಲಿ ಮೆರ್ವಿಯ ಮುಂದಿನ ಬ್ರೇಕು ಅಲ್ಲಾಡಲಿಲ್ಲ. ಹಿಂದಿನದು ಕಚ್ಚಿತು, ಮೊಳೆಯಿಲ್ಲದ ಹಿಂದಿನ ಚಕ್ರ ಅಡ್ಡಡ್ಡ ಜಾರಿತು. ನಾಯಿ ಅಡ್ಡಾಡಿಸಲು ಬಂದ ಒಬ್ಬನಿಗೆ ಅವಳು ಸಿಕ್ಕಾಗ ಇಪ್ಪತ್ತು ನಿಮಿಷ ಮಂಜಿನ ಮೇಲೆ ಬಿದ್ದಿದ್ದಳಂತೆ. ತೊಡೆಯ ಮೂಳೆ ಸೊಂಟದ ಕೀಲಿನ ಬಳಿ ಮುರಿದಿತ್ತು. ಕೀಲು ಬದಲಿಸಿದರು. ಗಾಯಕ್ಕೆ ಸೋಂಕು ತಗುಲಿ ಮತ್ತೊಮ್ಮೆ ಕೊಯ್ದರು. ಇನ್ನು ಈ ಕೆಲಸ ಆಗದು ಎಂದು ಜನವರಿಯಲ್ಲಿ ತಿಳಿಸಿದರು.

ಆಸ್ಪತ್ರೆಗೆ ಕೈಸು ಮೂರು ಸಲ ಹೋದಳು. ಮೂರು ಸಲವೂ ಮೆರ್ವಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆಯೋ ಅಲ್ಲವೋ ಕೈಸು ಕೇಳಲಿಲ್ಲ. ತಂದ ಕಿತ್ತಳೆ ಮೇಜಿನ ಮೇಲಿಟ್ಟು ಬಂದಳು.

ಕ್ರಿಸ್‌ಮಸ್ ಕಳೆದ ವಾರ ಕಂಪನಿಯ ಸುರಕ್ಷತೆಯ ಅಧಿಕಾರಿಯೊಬ್ಬ ದಕ್ಷಿಣದ ಮುಖ್ಯ ಕಚೇರಿಯಿಂದ ಬಂದ. ಬಹಳ ಮೆದು ಮಾತಿನವನು. ಕಾತ್ರಿಯ ಕೋಣೆಯಲ್ಲಿ ಕೈಸುವಿನ ಮುಂದೆ ಒಂದು ಕಾಗದ ಸರಿಸಿದ. ಸೈಕಲ್ಲುಗಳನ್ನು ಪಾರ್ಕಿನೆನ್ ಅವರ ಲಿಖಿತ ಸೂಚನೆಯ ಪ್ರಕಾರ ಸಿದ್ಧಪಡಿಸಲಾಗಿತ್ತು, ಅವುಗಳ ದಿನನಿತ್ಯದ ನಿಗಾ ಅವರೇ ನೋಡಿಕೊಳ್ಳುತ್ತಿದ್ದರು ಎಂದು ಅದರಲ್ಲಿತ್ತು. ಕೆಳಗೆ ಸಹಿಗೆ ಜಾಗ.

ಕೈಸು ಎರಡು ಸಲ ಓದಿದಳು. ಸುಳ್ಳು ಎಂದು ಬೆರಳಿಟ್ಟು ತೋರಿಸುವಂಥ ಪದ ಒಂದೂ ಇರಲಿಲ್ಲ. ಪೂರ್ತಿ ಓದಿದರೆ ಮಾತ್ರ ಅದು ಅಪ್ಪಟ ಸುಳ್ಳು.

"ನಾನು ಬರ್ದ ಹಾಳೆ ಎಲ್ಲಿ?" ಎಂದು ಕೇಳಿದಳು.

ಅವನು ಕಡತದಿಂದ ಒಂದು ಹಾಳೆ ತೆಗೆದ. ಅವಳ ಎರಡು ಹಾಳೆಯನ್ನು ಯಾರೋ ಚೊಕ್ಕಟವಾಗಿ ಟೈಪು ಮಾಡಿ ಒಂದಕ್ಕೆ ಇಳಿಸಿದ್ದರು. ಮೇಲೆ ಅವಳ ಹೆಸರಿತ್ತು. ಹಿಂದಿನ ಚಕ್ರ ಇರಲಿಲ್ಲ, ಬ್ಯಾಟರಿ ಒಳಗೆ ಎಂಬುದಿರಲಿಲ್ಲ, ಕೇಬಲ್ಲು ಒಣಗಿಸುವುದಿರಲಿಲ್ಲ. ಕೈಚೀಲ ಮತ್ತು ಬ್ಯಾಟರಿ ಅಂಗಿಯ ವಿಷಯ ಮಾತ್ರ ಚಿತ್ರ ಸಮೇತ ಇತ್ತು.

"ಇದು ನಂದಲ್ಲ."

"ಸಾರಾಂಶ ಅಷ್ಟೇ," ಅವನು ಹೇಳಿದ.

ಕೈಸು ಕಾತ್ರಿಯ ಕಡೆ ನೋಡಿದಳು. ಮೂಲ ಹಾಳೆಗಳನ್ನು ಅವಳು ಕಾತ್ರಿಯ ಕೈಗೇ ಕೊಟ್ಟಿದ್ದಳು. ಕಾತ್ರಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಸಹಿ ಹಾಕದೆ ಕೈಸು ಮನೆಗೆ ಹೋದಳು. ನಡೆದದ್ದನ್ನೆಲ್ಲ ನೆನಪಿನಿಂದ ಬರೆದು ಕಾರ್ಮಿಕ ಸುರಕ್ಷತೆಯ ಕಚೇರಿಗೆ ಕಳಿಸಿದಳು. ತಾನು ಐದನೆಯ ಸೈಕಲ್ಲಿನ ಮುಂದೆ ಕೂತಿದ್ದಾಗ ಮೆರ್ವಿ ಕೇಳಿದ್ದು, ತಾನು ಮಧ್ಯಾಹ್ನ ಎಂದದ್ದು, ಅದನ್ನೂ ಬಿಡದೆ ಬರೆದಳು. ಒಬ್ಬ ತನಿಖೆಗೆ ಬಂದ, ಸೈಕಲ್ಲುಗಳ ಫೋಟೋ ತೆಗೆದ. ಮಾರ್ಚಿನಲ್ಲಿ ವರದಿ ಬಂತು. ಕೆಲವು ಕೊರತೆ ಕಂಡುಬಂದಿವೆ, ಸರಿಪಡಿಸಲು ಕಂಪನಿಗೆ ಸೂಚಿಸಲಾಗಿದೆ. ಕಂಪನಿ ಹಿಂದಿನ ಚಕ್ರಗಳಿಗೆ ಮೊಳೆ ಟೈರು ತರಿಸಿತು. ಅವು ಬಂದದ್ದು ಏಪ್ರಿಲಿನಲ್ಲಿ, ದಾರಿಯ ಮಂಜು ಕರಗಿದ ಮೇಲೆ.

ಅಷ್ಟರಲ್ಲಿ ಕಾತ್ರಿಗೆ ಬೇರೆ ಊರಿನ ದೊಡ್ಡ ತಂಡದ ಹೊಣೆ ಸಿಕ್ಕಿತ್ತು. ಹೊರಡುವ ದಿನ ಅವಳು ಕೈಸುವನ್ನು ಶೆಡ್ಡಿನ ಹತ್ತಿರ ತಡೆದಳು.

"ನಿನ್ನ ಹಾಳೆ ನಾನು ಪೂರ್ತಿನೇ ಕಳ್ಸಿದ್ದೆ, ಕೈಸು. ಅಲ್ಲಿ ಏನು ಮಾಡಿದ್ರೋ ಗೊತ್ತಿಲ್ಲ."

"ಅವತ್ತು ಆ ಮನುಷ್ಯನ ಮುಂದೆ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು" ಎಂದಳು ಕಾತ್ರಿ. ಕೈಸು ಅವಳಿಗೆ ಕೈ ಕೊಡಲಿಲ್ಲ.

ಒನ್ನಿಯ ಮನೆಗೆ ಮಾತ್ರೆ ಉದುರಿಸುವ ಒಂದು ಯಂತ್ರ ಬಂತು, ಸೂಜಿಗೆ ಬೇರೊಂದು ತಂಡದವರು. ಫೆಬ್ರುವರಿಯಲ್ಲಿ ಒಂದು ಭಾನುವಾರ ಕೈಸು ತಾನಾಗಿ ಹೋದಾಗ ಬಾಗಿಲ ಮೇಲೆ ಹೆಸರಿನ ಫಲಕ ಇರಲಿಲ್ಲ. ಬಿದ್ದಿದ್ದನಂತೆ, ವಾರ್ಡಿಗೆ ಸೇರಿಸಿದ್ದರಂತೆ, ಅಲ್ಲಿಂದ ಎಲ್ಲಿಗೋ. ಎದುರು ಮನೆಯವಳಿಗೂ ಅಷ್ಟೇ ಗೊತ್ತಿತ್ತು. ಎಲ್ಲಿ ಎಂದು ಕಚೇರಿಯಲ್ಲಿ ಕೇಳಿದಾಗ, ಆತ ಈಗ ನಿಮ್ಮ ಪಟ್ಟಿಯಲ್ಲಿಲ್ಲ, ಹೇಳುವ ಹಾಗಿಲ್ಲ ಎಂದರು. ಅವಳೇ ಇಪ್ಪತ್ತು ಸಲ ಬೇರೆಯವರಿಗೆ ಹೇಳಿದ್ದ ಮಾತು ಅದು.

ಮೇ ತಿಂಗಳ ಕೊನೆಗೆ ಮೆರ್ವಿಯಿಂದ ಎರಡು ಸಾಲಿನ ಸಂದೇಶ ಬಂತು. ಕಪಾಟಿನಲ್ಲಿ ಉಳಿದ ನನ್ನ ಸಾಮಾನು ತಂದುಕೊಡು, ಸೈಕಲ್ಲಿನಲ್ಲಿ ಬರಬೇಡ.

ಕೈಸು ಬಸ್ಸಿನಲ್ಲಿ ಹೋದಳು. ಮೆರ್ವಿಯ ಮನೆ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆಗೆದ ಮೆರ್ವಿ ತೆಳ್ಳಗಾಗಿದ್ದಳು, ಕೈಯಲ್ಲಿ ಊರುಗೋಲಿತ್ತು. ಒಳಗೆ ಸಿಗರೇಟಿನ ವಾಸನೆ. ಅಡುಗೆಮನೆಯಲ್ಲಿ ಕಾಫಿ ತುಂಬಿಸಿ ಇಟ್ಟಿದ್ದಳು. ಜೊತೆಗೆ ತಿನ್ನಲು ಏನೂ ಇಟ್ಟಿರಲಿಲ್ಲ. ಕೈಸು ತಂದ ಚೀಲದಲ್ಲಿ ಒಂದು ಜೊತೆ ಒಳಚಪ್ಪಲಿ, ಬಾಚಣಿಗೆ, ಅರ್ಧ ಉಳಿದ ಕೈಗೆ ಹಚ್ಚುವ ಕ್ರೀಮು.

"ನೀನು ಆ ಕಚೇರಿಗೆ ಬರ್ದಿದ್ದನ್ನ ನಂಗೂ ಒಂದು ಪ್ರತಿ ಕಳ್ಸಿದಾರೆ" ಎಂದಳು ಮೆರ್ವಿ.

"ಓದಿದ್ಯಾ?"

"ಓದ್ದೆ. ಎಲ್ಲ ನಿಜಾನೇ ಬರ್ದಿದೀಯ. ನಾನು ಬ್ರೇಕ್ ಹಿಡಿದು ನೋಡ್ಲಿಲ್ಲ ಅನ್ನೋದೊಂದು ಬಿಟ್ಟು. ಅದನ್ನ ಯಾಕೆ ಬಿಟ್ಟೆ?"

"ಬೇಕು ಅನ್ನಿಸ್ಲಿಲ್ಲ."

ಮೆರ್ವಿ ಕಾಫಿ ಕಲಕಿದಳು. ಅವಳು ಸಕ್ಕರೆ ಹಾಕುವವಳಲ್ಲ. "ನಂದನ್ನ ಕೊನೆಗೆ ಯಾಕೆ ಇಟ್ಟೆ?"

"ನಿಂದು ಮಧ್ಯಾಹ್ನದ ಪಾಳಿ ಅಂದ್ಕೊಂಡಿದ್ದೆ, ಮೆರ್ವಿ."

"ನನ್ನ ಪಾಳಿ ನಂಗಿಂತ ಮೊದಲು ನಿಂಗೆ ಗೊತ್ತಿರ್ತಿತ್ತು."

"ನೀನು ಹೇಳ್ತಿದ್ದೆ, ಅದಕ್ಕೆ ಗೊತ್ತಿರ್ತಿತ್ತು."

ಮೆರ್ವಿ ಚಮಚ ಕೆಳಗಿಟ್ಟಳು. ಹೊರಗೆ ಯಾರೋ ಬಾಲ್ಕನಿಯಲ್ಲಿ ಕಂಬಳಿ ಕೊಡವುತ್ತಿದ್ದರು. ಅವಳು, "ನಂಗೆ ನಿನ್ನ ಮೇಲೆ ಸಿಟ್ಟಿಲ್ಲ. ಇರ್ಬೇಕಾದ್ದು ಅವರ ಮೇಲೆ ಅಂತ ಗೊತ್ತು. ಆದ್ರೆ ಅವರ ಮುಖ ನಂಗೆ ಗೊತ್ತಿಲ್ಲ ಕೈಸು. ಕಣ್ಣು ಮುಚ್ಚಿದ್ರೆ ನಿನ್ನ ಮುಖಾನೇ ಬರುತ್ತೆ. ನಾನೇನು ಮಾಡ್ಲಿ?" ಎಂದಳು.

"ನಾನು ಬರೋದು ಬೇಡ್ವಾ ಹಾಗಾದ್ರೆ?"

"ಸದ್ಯಕ್ಕೆ ಬೇಡ."

ಕೈಸು ಲೋಟ ತೊಳೆದಿಡಲು ಎದ್ದಳು. "ಇರ್ಲಿ ಬಿಡು, ಅಷ್ಟು ನನ್ನ ಕೈಲಾಗುತ್ತೆ" ಎಂದಳು ಮೆರ್ವಿ. ಬಾಗಿಲವರೆಗೆ ಬಂದು ಕಳಿಸಲಿಲ್ಲ. ಕೈಸು ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿದು ಒಂದೊಂದೇ ಇಳಿದಳು. ಇಳಿಯುವುದು ಮೊಣಕಾಲಿಗೆ ಏರುವುದಕ್ಕಿಂತ ಕಷ್ಟ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳ ನಿವೃತ್ತಿಗೆ ಐದು ವರ್ಷವಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂತು, ಸೋಮವಾರದ ಪಾಳಿಯಲ್ಲಿ ಯಾರ್ಯಾರ ಮನೆ ಬಂದಿದೆ ಎಂದು ಫೋನು ತೆರೆದು ನೋಡಿದಳು.